ಚಿನ್ನಯ್ಯನಿಗೆ ಕೆನ್ನೆ ಬಂದದ್ದು

ಬಂಟವಾಳದ ಬಳಿಯ ಬಿ.ಸಿ.ರೋಡಿನ ಬಸ್ ಏಜೆಂಟ ಚಿನ್ನಯ್ಯನಿಗೆ ಮುಖ ಕೊಡುವಾಗ ದೇವರು ಕೆನ್ನೆ ಕೊಡಲು ಮರೆತಿದ್ದ. ಹಣೆ ಇತ್ತು, ಮೂಗು ಇತ್ತು, ಗದ್ದ ಇತ್ತು. ಕೆನ್ನೆ ಇರಬೇಕಾದ ಜಾಗದಲ್ಲಿ ಎರಡು ಗುಂಡಿಗಳಿದ್ದವು. ಕ್ಷೌರದ ಅಂಗಡಿಯವನು ಬಾಯೊಳಗೆ ಬೆರಳು ಹಾಕಿ ಒಳಗಿನಿಂದ ಒತ್ತಿ ಹಿಡಿದ ಮೇಲೆಯೇ ಕತ್ತಿ ಆಡಿಸಬೇಕಾಗಿತ್ತು. ಈ ಕೊರತೆಗೆ ಪರಿಹಾರವೆಂಬಂತೆ ಬಾಯಿಯನ್ನು ಮಾತ್ರ ಇಬ್ಬರಿಗೆ ಸಾಲುವಷ್ಟು ಕೊಟ್ಟಿದ್ದ. ಚಿನ್ನಯ್ಯ ಬೆಳಿಗ್ಗೆ ನಿಂತು “ಬೆಳ್ತಂಗಡಿ, ಉಜಿರೆ, ಧರ್ಮಸ್ಥಳ” ಎಂದು ಕೂಗಿದರೆ ಅತ್ತ ಫರಂಗಿಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು ಎಂದು ಜನ ಹೇಳುತ್ತಿದ್ದರು. ಫರಂಗಿಪೇಟೆ ಅಲ್ಲಿಂದ ಸಾಕಷ್ಟು ದೂರವಿದೆ. ಆದರೂ ಆ ಮಾತನ್ನು ಯಾರೂ ಅಲ್ಲಗಳೆದದ್ದಿಲ್ಲ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿದ್ದ ಕಾಲ ಅದು. ಏಜೆಂಟನ ಕೆಲಸ ಬಸ್ಸಿಗೆ ಜನ ತುಂಬಿಸುವುದು, ಅಷ್ಟೇ. ಆದರೆ ಬಸ್ಸಿನ ಹೊಟ್ಟೆಯೊಳಗಿನ ವಿಚಾರ ತನಗೆ ತಿಳಿದಷ್ಟು ಡ್ರೈವರುಗಳಿಗೂ ತಿಳಿಯದು ಎಂಬುದು ಚಿನ್ನಯ್ಯನ ನಂಬಿಕೆ. ಇಂಜಿನ್ ಕೆಮ್ಮಿದರೆ ಕಾರಣ ಹೇಳುತ್ತಿದ್ದ. ಕೆಮ್ಮದಿದ್ದರೆ ಯಾಕೆ ಕೆಮ್ಮಲಿಲ್ಲ ಎಂಬುದಕ್ಕೂ ಕಾರಣ ಹೇಳುತ್ತಿದ್ದ.

ಹೀಗಿರುವಾಗ ವಯಸ್ಸು ಮೂವತ್ತು ದಾಟಿತು, ಮದುವೆ ಆಗಲಿಲ್ಲ. ತಾಯಿ ಚೆನ್ನಕ್ಕನೂ ಸೋದರಮಾವ ಮುಂಡಪ್ಪನವರೂ ಅವನನ್ನು ಕರೆದುಕೊಂಡು ಐದಾರು ಕಡೆ ಹೆಣ್ಣು ನೋಡಿ ಬಂದಿದ್ದರು. ಬೆಳ್ತಂಗಡಿಯ ಒಂದು ಮನೆಯಲ್ಲಿ ಚಿನ್ನಯ್ಯ ಹುಡುಗಿಯ ಅಜ್ಜನಿಗೆ ಬಸ್ಸಿನ ಗೇರ್‌ಬಾಕ್ಸಿನ ಸ್ವರೂಪವನ್ನು ಅವಲಕ್ಕಿ ತಟ್ಟೆ, ಎರಡು ಬಾಳೆಹಣ್ಣು ಮತ್ತು ಅಜ್ಜನದೇ ಊರುಗೋಲಿನ ಸಹಾಯದಿಂದ ವಿವರಿಸಿದ. ವಿವರಣೆ ನಾಲ್ಕನೆಯ ಗೇರಿಗೆ ಬರುವಾಗ ಅಜ್ಜ ನಿದ್ದೆ ಹೋಗಿದ್ದರು. ಆ ಮನೆಯ ಹುಡುಗಿ, ಮುಖವನ್ನಾದರೂ ಸಹಿಸಬಹುದು ಬಾಯಿಯನ್ನು ಸಾಧ್ಯವಿಲ್ಲ ಎಂದಳಂತೆ. ಅದಕ್ಕಿಂತ ಹಿಂದಿನವಳು ಬಾಯಿಯನ್ನಾದರೂ ಸಹಿಸಬಹುದು ಮುಖವನ್ನು ಸಾಧ್ಯವಿಲ್ಲ ಎಂದಿದ್ದಳು. ಎರಡು ಅಭಿಪ್ರಾಯಗಳನ್ನೂ ಕೂಡಿಸಿ ನೋಡಿದರೆ ಚಿನ್ನಯ್ಯನಲ್ಲಿ ಉಳಿಯುವಂಥದ್ದು ಹೆಚ್ಚೇನೂ ಇರಲಿಲ್ಲ.

ಆ ವರ್ಷದ ಮಳೆಗಾಲದ ಆರಂಭದಲ್ಲಿ ಒಂದು ಬೆಳಿಗ್ಗೆ ಮೂಡುಬಿದಿರೆಗೆ ಹೋಗುವ ಬಸ್ಸು ಸ್ಟ್ಯಾಂಡಿನಲ್ಲಿ ಹೊರಡದೆ ನಿಂತಿತು. ಆಗಿನ ಬಸ್ಸುಗಳು ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಿದರೆ ಮಾತ್ರ ಎಚ್ಚರಗೊಳ್ಳುತ್ತಿದ್ದವು. ಆ ಕೆಲಸದ ಕ್ಲೀನರ್ ಜ್ವರದಿಂದ ಮಲಗಿದ್ದ. ಡ್ರೈವರ್ ಮಮ್ಮು ಯಾರಾದರೂ ಗಟ್ಟಿಯಾದ ಆಳು ಸಿಗುತ್ತಾರೋ ಎಂದು ಸುತ್ತ ನೋಡುತ್ತಿರುವಾಗ ಚಿನ್ನಯ್ಯ ಪಂಚೆ ಎತ್ತಿ ಕಟ್ಟಿ ಮುಂದೆ ಬಂದ.

“ಏಜೆಂಟ್ರೇ, ಇದು ಬಾಯಲ್ಲಿ ತಿರುಗುವ ಸಾಮಾನಲ್ಲ, ಒದೀತದೆ,” ಎಂದ ಮಮ್ಮು. “ಹಿಡಿಯುವುದಾದರೆ ಹೆಬ್ಬೆರಳು ಹೊರಗಿಡಿ, ಮುಖ ಹಿಂದಿಡಿ.”

ತನಗೆ ಕಲಿಸಲು ಬಂದ ಮಮ್ಮುವನ್ನು ಚಿನ್ನಯ್ಯ ಕರುಣೆಯಿಂದ ನೋಡಿದ. ಆಮೇಲೆ ಹ್ಯಾಂಡಲಿಗೆ ಕೈ ಕೊಟ್ಟು, ಮುಖವನ್ನು ಮುಂದಕ್ಕೆ ಚಾಚಿ, ಕೆಳಗೆ ಇಳಿದು ನಿಂತಿದ್ದ ಪ್ರಯಾಣಿಕರಿಗೆ ಈಗ ಇಂಜಿನಿನ ಒಳಗೆ ಏನೇನು ನಡೆಯಲಿದೆ ಎಂದು ಹೇಳತೊಡಗಿದ. ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಇಂಜಿನ್ ಹೊರಡಲು ಒಪ್ಪಿತು. ಆದರೆ ಅದು ಒಪ್ಪಿದ್ದು ಹಿಮ್ಮುಖವಾಗಿ. ಹ್ಯಾಂಡಲ್ ಎಗರಿ ಬಂದು ಎಡದವಡೆಗೆ ಬಡಿಯಿತು. ಆ ಹೊಡೆತಕ್ಕೆ ಚಿನ್ನಯ್ಯ ಒಂದು ಪೂರ್ತಿ ಸುತ್ತು ತಿರುಗಿದ, ಬಲಕೆನ್ನೆ ಮಡ್‌ಗಾರ್ಡಿಗೆ ಬಡಿಯಿತು. ಬಸ್ಸು ಸ್ಟಾರ್ಟ್ ಆಗಿತ್ತು. ಅದೇ ಬಸ್ಸಿನಲ್ಲಿ ಅವನನ್ನು ಮಲಗಿಸಿ, ಮೂಡುಬಿದಿರೆಯ ಪ್ರಯಾಣಿಕರನ್ನು ಕೆಳಗಿಳಿಸಿ, ಮಮ್ಮು ಮಂಗಳೂರಿಗೆ ಓಡಿಸಿದ.

ಮಂಗಳೂರಿನ ಆಸ್ಪತ್ರೆಯ ಡಾಕ್ಟರು ನೋಡಿ, ದವಡೆ ಎರಡು ಕಡೆ ಮುರಿದಿದೆ, ಕೆನ್ನೆಯ ಎಲುಬು ಒಳಗೆ ಕುಸಿದಿದೆ ಎಂದರು. ಕಿವಿಯ ಮೇಲೆ ಕೂದಲಿನ ಒಳಗೆ ಸಣ್ಣದಾಗಿ ಕೊಯ್ದು, ಅಲ್ಲಿಂದ ಸಲಾಕೆ ತೂರಿಸಿ ಎಲುಬನ್ನು ಎತ್ತಿ ಕೂರಿಸಿದರು. ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿಯಿಂದ ಬಿಗಿದರು. ಹೊರಗಿನಿಂದ ನೋಡಿದರೆ ಒಂದು ಗಾಯವೂ ಕಾಣುತ್ತಿರಲಿಲ್ಲ. ಒಳಗೆ ಮಾತ್ರ ಬಾಯಿಗೆ ಬೀಗ ಬಿದ್ದಿತ್ತು.

ಮನೆಗೆ ಕಳುಹಿಸುವಾಗ ಡಾಕ್ಟರು ತಾಯಿಗೂ ಮಾವನಿಗೂ ಕೆಲವು ಮಾತು ಹೇಳಿದರು. ತಂತಿ ತೆಗೆಯಲು ತಿಂಗಳ ಮೇಲಾಗುತ್ತದೆ, ಅಲ್ಲಿಯವರೆಗೆ ಕುಡಿಯುವಂಥದ್ದು ಮಾತ್ರ ಕೊಡಬೇಕು. ಬಾವು ಮೊದಲು ಏರಿ ಆಮೇಲೆ ತಾನಾಗಿ ಇಳಿಯುತ್ತದೆ, ಹೆದರಬೇಡಿ. ತಲೆಯಡಿಗೆ ಎರಡು ದಿಂಬಿಟ್ಟು ಎತ್ತರದಲ್ಲಿ ಮಲಗಿಸಿ, ಚಪ್ಪಟೆ ಮಲಗಿದರೆ ಬಾವು ಇಳಿಯುವುದಿಲ್ಲ. ಕೊನೆಗೆ ಒಂದು ತಂತಿ ಕತ್ತರಿಸುವ ಇಕ್ಕಳ ಕೊಟ್ಟು, ವಾಂತಿ ಬಂದರೆ ಉಸಿರು ಕಟ್ಟುವ ಅಪಾಯ ಉಂಟು, ಕೂಡಲೇ ಇದರಿಂದ ತಂತಿ ಕತ್ತರಿಸಬೇಕು ಎಂದರು. ಚೆನ್ನಕ್ಕ ಆ ಇಕ್ಕಳವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಅಂದಿನಿಂದ ಚಿನ್ನಯ್ಯ ಸ್ವಲ್ಪ ಕೆಮ್ಮಿದರೂ ಸಾಕು, ತಾಯಿ ಇಕ್ಕಳ ತೆರೆದುಕೊಂಡು ಅವನ ಬಾಯಿಯ ಹತ್ತಿರ ಬರುತ್ತಿದ್ದಳು. ಅವನು ಬೇಗನೆ ಕೆಮ್ಮು ನುಂಗುವುದನ್ನು ಕಲಿತ.

ಊಟದ ದಾರಿ ಹ್ಯಾಂಡಲೇ ಮಾಡಿಕೊಟ್ಟಿತ್ತು. ಪಕ್ಕದ ಒಂದು ಹಲ್ಲು ಹಾರಿಹೋಗಿದ್ದ ಸಂದಿಯಲ್ಲಿ ಪಪ್ಪಾಯಿ ಎಲೆಯ ದಂಟು ಸಿಕ್ಕಿಸಿಕೊಂಡು ಗಂಜಿತಿಳಿ, ಹಾಲು, ಮಜ್ಜಿಗೆ ಹೀರುತ್ತಿದ್ದ.

ಬಂಟವಾಳ ಪೇಟೆಯ ಹಿಂದಿನ ಓಣಿಯಲ್ಲಿದ್ದ ಮನೆಗೆ ಬಂದ ಮರುದಿನ ಚಿನ್ನಯ್ಯ ಕನ್ನಡಿ ತರಿಸಿದ. ನೋಡಿದವನು ಒಮ್ಮೆ ಕನ್ನಡಿಯ ಹಿಂಬದಿಗೂ ನೋಡಿದ, ಅಲ್ಲಿ ಬೇರೆ ಯಾರಾದರೂ ಇದ್ದಾರೋ ಎಂದು. ಎರಡು ಕಡೆಯೂ ಸಮನಾಗಿ, ತುಂಬಿಕೊಂಡು, ನುಣ್ಣಗೆ, ಕೆಂಪಗೆ ಎರಡು ಕೆನ್ನೆಗಳು ಬಂದಿದ್ದವು. ಕಣ್ಣ ಸುತ್ತ ಕಪ್ಪಾಗಿತ್ತು ನಿಜ, ಅದಕ್ಕೆ ಮುಂಡಪ್ಪನವರು ಮಂಗಳೂರಿನಿಂದಲೇ ಕಪ್ಪು ಕನ್ನಡಕ ತಂದಿದ್ದರು. ಚಿನ್ನಯ್ಯ ಕನ್ನಡಕ ಹಾಕಿಕೊಂಡು ಎಡಗಡೆಯಿಂದ ನೋಡಿದ, ಬಲಗಡೆಯಿಂದ ನೋಡಿದ. ನೋವೆಲ್ಲ ಮರೆತುಹೋಯಿತು. ಮೂವತ್ತು ಚಿಲ್ಲರೆ ವರ್ಷ ಎಲ್ಲೋ ಅಡಗಿ ಕುಳಿತಿದ್ದ ಒಬ್ಬ ಗಣ್ಯ ವ್ಯಕ್ತಿ ಕೊನೆಗೂ ಹೊರಗೆ ಬಂದಂತೆ ಅವನಿಗೆ ಅನಿಸಿತು.

ಈ ಗಡಿಬಿಡಿಯಲ್ಲಿ ಮನೆಯವರು ಒಂದು ಸಂಗತಿ ಮರೆತೇಬಿಟ್ಟಿದ್ದರು. ಮೂಡುಬಿದಿರೆಯ ಕಮಲಾಕ್ಷ ಎಂಬವರು ಮಗಳ ಸಂಬಂಧದ ವಿಚಾರವಾಗಿ ಹುಡುಗನ ಮನೆ ನೋಡಲು ಬರುತ್ತೇನೆಂದು ಹೇಳಿ ಕಳಿಸಿದ್ದು ಆ ಭಾನುವಾರಕ್ಕೇ. ಕಮಲಾಕ್ಷರು ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಜನರ ಅಹವಾಲು ಕೇಳಿ ನಿವೃತ್ತರಾದವರು. ಆ ಮೂವತ್ತು ವರ್ಷದಲ್ಲಿ ಅವರಿಗೆ ಮನುಷ್ಯರ ಮಾತಿನ ಮೇಲೆ ಎಂಥ ಬೇಸರ ಹುಟ್ಟಿತ್ತೆಂದರೆ, ಯಾರಾದರೂ ಬಾಯಿ ತೆರೆದ ಕೂಡಲೇ ಅವರ ಕೈ ತಾನಾಗಿ ‘ನಾಳೆ ಬನ್ನಿ’ ಎಂಬ ಹಾಗೆ ಏಳುತ್ತಿತ್ತು.

ಕೊಡೆ ಮಡಿಸಿ ಜಗಲಿ ಹತ್ತಿದ ಕಮಲಾಕ್ಷರಿಗೆ ಕಂಡದ್ದು ಇದು: ಆರಾಮ ಕುರ್ಚಿಯಲ್ಲಿ ತಲೆಯನ್ನು ಎತ್ತರದಲ್ಲಿಟ್ಟು, ಹೆಗಲಿಗೆ ಶಾಲು ಹೊದ್ದು, ಕಪ್ಪು ಕನ್ನಡಕ ಧರಿಸಿ, ಹುಣ್ಣಿಮೆಯಂಥ ಮುಖ ಹೊತ್ತು, ತುಟಿ ಎರಡು ಮಾಡದೆ ಕುಳಿತ ಒಬ್ಬ ಗಂಭೀರ ಪುರುಷ. ಅವರು ನಿಂತಲ್ಲೇ ನಿಂತರು. ಒಳಗಿನಿಂದ ಓಡಿ ಬಂದ ಮುಂಡಪ್ಪನವರು, “ಕ್ಷಮಿಸಬೇಕು, ಹುಡುಗ ಮೊನ್ನೆ...” ಎಂದು ಶುರುಮಾಡುವಷ್ಟರಲ್ಲಿ ಕಮಲಾಕ್ಷರ ಕೈ ಎದ್ದಿತು.

“ನನಗೆ ಜನ ಬೇರೆ ಹೇಳಿದ್ದರು,” ಎಂದರು ಅವರು. “ಹುಡುಗನಿಗೆ ಮುಖದಲ್ಲಿ ಮಾಂಸ ಇಲ್ಲ, ಬಾಯಿಗೆ ಬಾಗಿಲಿಲ್ಲ ಅಂತ. ಆ ಮಾತು ನಂಬಿ ನಾನು ಬರದೆ ಇರುತ್ತಿದ್ದರೆ ನಷ್ಟ ನನಗೇ. ಮೊನ್ನೆ ಎಂತ ಆಯ್ತು, ನೀವು ಹೇಳ್ತಾ ಇದ್ದದ್ದು?”

ಮುಂಡಪ್ಪನವರು ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ. ಆ ಅಭ್ಯಾಸ ಇಲ್ಲದ್ದರಿಂದಲೇ ಇರಬೇಕು, ಹೇಳುವಾಗ ಅಳತೆ ತಪ್ಪಿಹೋಯಿತು. “ಮೊನ್ನೆಯಿಂದ ಒಂದು ವ್ರತ ಹಿಡಿದಿದ್ದಾನೆ,” ಎಂದುಬಿಟ್ಟರು. “ಮೌನ. ಅನ್ನವೂ ಮುಟ್ಟುವುದಿಲ್ಲ, ನೀರಿನಂಥದ್ದು ಮಾತ್ರ.”

ಕಮಲಾಕ್ಷರು ಚಪ್ಪಲಿಯನ್ನು ಇನ್ನೂ ಒಂದು ಮೆಟ್ಟಿಲು ಕೆಳಗೆ ಬಿಟ್ಟು ಬಂದರು. ಧರ್ಮಸ್ಥಳಕ್ಕೆ ಹೇಳಿಕೊಂಡ ವ್ರತವೋ ಎಂದು ಮೆಲ್ಲಗೆ ಕೇಳಿದರು. ಆ ಹೆಸರಿನಲ್ಲಿ ಸುಳ್ಳು ಹೇಳುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಮುಂಡಪ್ಪನವರು ದೊಡ್ಡದಾಗಿ ಕೆಮ್ಮಿದರು. ಯಾವ ದೇವರಿಗೂ ಸೇರದ ಹಾಗೆ ವ್ರತವನ್ನು ಗಾಳಿಯಲ್ಲೇ ಬಿಡುವುದು ಕ್ಷೇಮವೆಂದು ಅವರಿಗೆ ತೋರಿತ್ತು. ಕಮಲಾಕ್ಷರು ಆ ಕೆಮ್ಮನ್ನು ಭಕ್ತಿ ಎಂದುಕೊಂಡರು.

ಕುರ್ಚಿಯಲ್ಲಿದ್ದ ಚಿನ್ನಯ್ಯನಿಗೆ ಬೇರೆ ಸಂಕಟ. ಹ್ಯಾಂಡಲಿನ ಕಥೆಯಂಥ ಕಥೆ ಅವನ ಜೀವನದಲ್ಲೇ ಆದದ್ದಿಲ್ಲ, ಎದುರಿಗೆ ಹೊಸ ಕೇಳುಗ ಕುಳಿತಿದ್ದಾರೆ, ಬಾಯಿಗೆ ತಂತಿ. ತಡೆಯಲಾರದೆ ಬಲಗೈಯಿಂದ ಹ್ಯಾಂಡಲ್ ತಿರುಗಿಸುವುದನ್ನು ಗಾಳಿಯಲ್ಲಿ ದೊಡ್ಡದಾಗಿ ತಿರುಗಿಸಿ ತೋರಿಸಿದ.

“ಆರತಿ,” ಎಂದು ಮುಂಡಪ್ಪನವರು ಅರ್ಥ ಹೇಳಿದರು. ಕಮಲಾಕ್ಷರು ಕೈ ಮುಗಿದರು.

ಚಿನ್ನಯ್ಯ ಅಲ್ಲವೆಂದು ತಲೆಯಾಡಿಸಿ, ಗಂಟಲಿನಿಂದ ಇಂಜಿನಿನ ಸದ್ದು ಹೊರಡಿಸಿದ. ವ್ರತದಲ್ಲಿ ಓಂಕಾರಕ್ಕೆ ಅವಕಾಶ ಉಂಟು ಎಂದು ಮಾವ ವಿವರಿಸಿದರು. ಆದರೆ ಆ ಸದ್ದು ಕೇಳಿ ಚೆನ್ನಕ್ಕ ವಾಂತಿಯೇ ಬಂತೆಂದು ಇಕ್ಕಳ ತೆರೆದುಕೊಂಡು ಜಗಲಿಗೆ ನುಗ್ಗಿದಳು. ಇದೇನು ಎಂದು ಕಮಲಾಕ್ಷರು ಹುಬ್ಬೇರಿಸಿದಾಗ ಮುಂಡಪ್ಪನವರು, ಅಡಕೆ ಕತ್ತರಿಸಲಿಕ್ಕೆ ಎಂದರು. ಹಾಗಾಗಿ ಪಾಪ ಚೆನ್ನಕ್ಕ ಅತಿಥಿಗಳ ಎದುರು ಕುಳಿತು ಆ ಇಕ್ಕಳದಲ್ಲೇ ಅಡಕೆ ಒಡೆಯಬೇಕಾಯಿತು. ಒಂದು ಹೋಳು ಹಾರಿ ಕಮಲಾಕ್ಷರ ಕನ್ನಡಕಕ್ಕೆ ಬಿತ್ತು. ಅವರು ಅದನ್ನೂ ಪ್ರಸಾದದಂತೆ ಹೆಕ್ಕಿ ಬಾಯಿಗೆ ಹಾಕಿಕೊಂಡರು.

ಹೊರಡುವಾಗ, ಆಟಿ ತಿಂಗಳು ಹತ್ತಿರ ಬಂತು, ಆಟಿಯಲ್ಲಿ ಶುಭಕಾರ್ಯ ಮಾಡುವ ಹಾಗಿಲ್ಲ, ಬರುವ ಭಾನುವಾರವೇ ಬಂದು ಹುಡುಗಿಯನ್ನು ನೋಡಿ, ಒಪ್ಪಿದರೆ ವೀಳ್ಯ ಬದಲಾಯಿಸುವ ಎಂದರು. ಮದುವೆ ಆಟಿಯೂ ಅದರ ಮುಂದಿನ ಸೋಣ ತಿಂಗಳೂ ಕಳೆದ ಮೇಲೆ.

ಮುಂಡಪ್ಪನವರಿಗೆ ಈಗ ಒಂದೇ ಚಿಂತೆ. ಬರುವ ಭಾನುವಾರದವರೆಗೆ ಬಾವು ನಿಲ್ಲಬೇಕು. ಚಪ್ಪಟೆ ಮಲಗಿದರೆ ಬಾವು ಇಳಿಯುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರಲ್ಲ. ಅವರು ಬಂದು ಚಿನ್ನಯ್ಯನ ತಲೆಯಡಿಯ ದಿಂಬುಗಳನ್ನು ಎಳೆದು ತೆಗೆದರು. ಡಾಕ್ಟರರ ಮಾತು ಮೀರಬಾರದೆಂದು ಚೆನ್ನಕ್ಕ ಮತ್ತೆ ತಂದಿಟ್ಟಳು. ಅಣ್ಣ ತೆಗೆಯುವುದು, ತಂಗಿ ಇಡುವುದು, ಹೀಗೆ ಚಿನ್ನಯ್ಯನ ತಲೆ ದಿನವಿಡೀ ಏರುತ್ತ ಇಳಿಯುತ್ತ ಇತ್ತು. ಅವನಾದರೂ ತಾಯಿಯ ಪರವಾಗಿ ಇರಬೇಕಿತ್ತು. ಆದರೆ ಹೊಸ ಕೆನ್ನೆಗಳ ಮೇಲೆ ಎಂಥ ಮೋಹ ಬಂದಿತ್ತೆಂದರೆ ತಾಯಿ ಅತ್ತ ಹೋದ ಕೂಡಲೇ ತಾನೇ ದಿಂಬು ಕೆಳಗೆ ದೂಡಿ ಕನ್ನಡಿ ಹಿಡಿಯುತ್ತಿದ್ದ.

ಅಷ್ಟರಲ್ಲಿ ವ್ರತದ ಸುದ್ದಿ ಪೇಟೆಗೆ ಹಬ್ಬಿತು. ಕಾರಣ ಹ್ಯಾಂಡಲೋ ವ್ರತವೋ, ಏಜೆಂಟ ಚಿನ್ನಯ್ಯ ಬಾಯಿ ಮುಚ್ಚಿದ್ದಾನೆ ಎಂಬುದೇ ಬಂಟವಾಳದವರಿಗೆ ಒಂದು ಪವಾಡ. ಜನ ಜಗಲಿಗೆ ಬಂದು ನೋಡಿ, ನಿಟ್ಟುಸಿರು ಬಿಟ್ಟು, ಬಾಳೆಹಣ್ಣು ಇಟ್ಟು ಹೋದರು. ಎದುರು ಮನೆಯ ಸುಬ್ಬಮ್ಮನವರು ಕಾಣೆಯಾದ ತಮ್ಮ ದನ ಎಲ್ಲಿದೆಯೆಂದು ಕೇಳಿದರು. ಕುತ್ತಿಗೆ ನೋವಿಗೆ ಚಿನ್ನಯ್ಯ ತಲೆಯನ್ನು ಪೂರ್ವಕ್ಕೆ ತಿರುಗಿಸಿದ. ದನ ಪೂರ್ವದಲ್ಲೇ ಸಿಕ್ಕಿತು. ಪೂರ್ವದಲ್ಲಿ ಇಡೀ ಬೆಳ್ತಂಗಡಿ ತಾಲೂಕು ಇದೆ ಎಂಬುದನ್ನು ಆಗ ಯಾರೂ ಎಣಿಸಲಿಲ್ಲ. ಮರುದಿನದಿಂದ ದನ ಕಳಕೊಂಡವರ ಸಾಲು ಓಣಿಯ ತಿರುವಿನವರೆಗೆ ಬೆಳೆಯಿತು.

ಮಮ್ಮು ಮೂಸಂಬಿ ತೆಗೆದುಕೊಂಡು ನೋಡಲು ಬಂದ. ಸ್ಟ್ಯಾಂಡಿನಲ್ಲಿ ಈಗ ಬಹಳ ಶಾಂತಿ ಉಂಟು, ಆದರೆ ಜನ ಬಸ್ಸು ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ಹೇಳಿ ಕಣ್ಣೊರೆಸಿಕೊಂಡ. ಮುಂಡಪ್ಪನವರು ಅವನನ್ನು ಪಕ್ಕಕ್ಕೆ ಕರೆದು, ಹ್ಯಾಂಡಲಿನ ವಿಷಯ ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡರು. ಇನ್ನು ಹೇಳುವುದಿಲ್ಲ ಎಂದು ಮಮ್ಮು ಮಾತು ಕೊಟ್ಟ. ಆ ‘ಇನ್ನು’ ಎಂಬ ಶಬ್ದದ ಕಡೆಗೆ ಮುಂಡಪ್ಪನವರ ಲಕ್ಷ್ಯ ಹೋಗಲಿಲ್ಲ.

ಭಾನುವಾರ ಬೆಳಗಾಯಿತು. ಅಣ್ಣತಂಗಿಯರಲ್ಲಿ ಯಾರ ಮಾತು ಕೇಳುವುದೆಂದು ತಿಳಿಯದ ಬಾವು ಬಲಗಡೆ ಇಳಿದು ಎಡಗಡೆ ಉಳಿದುಕೊಂಡಿತ್ತು. ಎಡದಿಂದ ನೋಡಿದರೆ ಜಮೀನುದಾರ, ಬಲದಿಂದ ನೋಡಿದರೆ ಹಳೆಯ ಚಿನ್ನಯ್ಯ. ಮುಂಡಪ್ಪನವರು ಎದೆಗುಂದಲಿಲ್ಲ. ಹತ್ತಿಯನ್ನು ಉಂಡೆ ಮಾಡಿ, ತುಟಿಯನ್ನು ಬದಿಗೆ ಸರಿಸಿ, ಹಲ್ಲಿಗೂ ಬಲಕೆನ್ನೆಗೂ ನಡುವೆ ಸೇರಿಸಿದರು. ಹುಣ್ಣಿಮೆ ಪೂರ್ತಿಯಾಯಿತು. ಈಗ ಹಲ್ಲಿನ ಸಂದಿಯಿಂದ ಒಂದೆರಡು ಮಾತು ಗೊಣಗಲು ಚಿನ್ನಯ್ಯನಿಗೆ ಆಗುತ್ತಿತ್ತಾದರೂ, ವ್ರತ ಮುರಿದರೆ ಮದುವೆಯೂ ಮುರಿಯಿತೆಂದು ಎಚ್ಚರಿಸಿಯೇ ಬಸ್ಸು ಹತ್ತಿಸಿದರು.

ಕಮಲಾಕ್ಷರ ಮಗಳು ಪ್ರಫುಲ್ಲಾ ಮೂಡುಬಿದಿರೆಯ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ವ್ರತಸ್ಥ ಹುಡುಗನ ಮೇಲೆ ಎಷ್ಟು ವಿಶ್ವಾಸವೆಂದರೆ, ತಂದೆ ಇಬ್ಬರನ್ನೂ ಚಾವಡಿಯಲ್ಲಿ ಕೂರಿಸಿ, ತಾವು ಮುಂಡಪ್ಪನವರನ್ನು ಕರೆದುಕೊಂಡು ಹಿತ್ತಿಲಿನ ತೆಂಗು ತೋರಿಸಲು ಹೋದರು. ಒಳಗೆ ಹೆಂಗಸರು ಬಾಗಿಲ ಸಂದಿಯಲ್ಲಿದ್ದರು, ಅದು ಬೇರೆ.

ಪ್ರಫುಲ್ಲಾ ಬೆಲ್ಲದ ಪಾನಕ ತಂದಿಟ್ಟಳು. ಚಿನ್ನಯ್ಯ ಶಾಲಿನ ಒಳಗಿನಿಂದ ಪಪ್ಪಾಯಿ ದಂಟು ತೆಗೆದ. ಅವಳು ಅದನ್ನು ನೋಡಿಯೂ ನೋಡದವಳಂತೆ ಮಾತಿಗೆ ತೊಡಗಿದಳು.

ಚಿನ್ನಯ್ಯ ಹುಟ್ಟಿದ ಮೇಲೆ ಬೇರೆಯವರ ಒಂದು ಮಾತನ್ನೂ ಕೊನೆಯವರೆಗೆ ಕೇಳಿದವನಲ್ಲ. ಅರ್ಧದಲ್ಲೇ ಅದಕ್ಕಿಂತ ದೊಡ್ಡದೊಂದು ಅವನ ಬಾಯಿಯಿಂದ ಬರುತ್ತಿತ್ತು. ಈಗ ದಾರಿಯಿಲ್ಲದೆ ಕೇಳಿದ. ಅವಳು ಹೇಳಿದ್ದು ತಮ್ಮ ಶಾಲೆಗೆ ಇನ್‌ಸ್ಪೆಕ್ಟರು ಬಂದ ಕಥೆ. ಶಾಲೆಯಲ್ಲಿ ಇದ್ದದ್ದು ಎರಡೇ ಕುರ್ಚಿ, ಅದರಲ್ಲಿ ಒಂದಕ್ಕೆ ಮೂರೇ ಕಾಲು. ಗಾಬರಿಯಲ್ಲಿ ಹೆಡ್‌ಮಾಸ್ಟರರು ಅದನ್ನೇ ಇನ್‌ಸ್ಪೆಕ್ಟರಿಗೆ ಹಾಕಿದರು. ಕುಳಿತ ಮೇಲೆ ಇನ್‌ಸ್ಪೆಕ್ಟರಿಗೆ ತಿಳಿಯಿತು. ಆದರೆ ಹೇಳುವುದು ತಮ್ಮ ದರ್ಜೆಗೆ ಕಡಿಮೆ ಎಂದು ಬಲಗಾಲನ್ನೇ ನಾಲ್ಕನೆಯ ಕಾಲಾಗಿ ಕುರ್ಚಿಯಡಿಗೆ ಊರಿ, ಬೆವರು ಸುರಿಸುತ್ತ ತಪಾಸಣೆ ನಡೆಸಿದರು. ಕೊನೆಗೆ ಭೂಗೋಳದ ಪಾಠ ಬಂತು. ಭೂಮಿ ಯಾವುದರ ಆಧಾರದಿಂದ ನಿಂತಿದೆ ಎಂದು ಎದುರಿನ ಹುಡುಗಿಯನ್ನು ಕೇಳಿದರು. ಹುಡುಗಿ ತಲೆ ಬಗ್ಗಿಸಿ ಕುರ್ಚಿಯಡಿಗೆ ನೋಡಿ, “ನಿಮ್ಮ ಬಲಗಾಲಿನ ಆಧಾರದಿಂದ, ಸಾರ್,” ಎಂದಳು.

ಚಿನ್ನಯ್ಯನಿಗೆ ನಗು ಬಂತು. ನಗು ಬಾ ಎಂದರೂ ನಿಲ್ಲು ಎಂದರೂ ಕೇಳುವ ವಸ್ತುವಲ್ಲ. ಬಾಯಿಯ ಬಾಗಿಲು ಮುಚ್ಚಿರುವುದನ್ನು ಕಂಡು ಅದು ಮೂಗಿನ ಕಡೆ ತಿರುಗಿತು, ಪಾನಕ ಮೂಗಿನಿಂದ ಬಂತು, ಹೆಗಲು ಕುಣಿಯಿತು, ಕಣ್ಣಲ್ಲಿ ನೀರು ಬಂತು. ಕೊನೆಗೆ ಆ ರಭಸಕ್ಕೆ ಬಲಕೆನ್ನೆಯ ಹತ್ತಿ, ಪಾನಕ ಕುಡಿದು ದಪ್ಪವಾಗಿದ್ದದ್ದು, ತುಟಿಯ ಬದಿಯಿಂದ ಜಾರಿ ಎದುರಿಗಿದ್ದ ವೀಳ್ಯದ ಹರಿವಾಣದೊಳಗೆ ಬಿತ್ತು.

ಚಿನ್ನಯ್ಯನ ನಗು ಅಲ್ಲೇ ಹೆಪ್ಪುಗಟ್ಟಿತು. ಪ್ರಫುಲ್ಲಾ ಹತ್ತಿಯನ್ನು ನೋಡಿದಳು. ಇದ್ದಕ್ಕಿದ್ದಂತೆ ಬತ್ತಿಹೋದ ಅವನ ಬಲಕೆನ್ನೆಯನ್ನು ನೋಡಿದಳು. ಹಿತ್ತಿಲಿನಿಂದ ತಂದೆಯ ಹೆಜ್ಜೆ ಕೇಳಿಸುತ್ತಿತ್ತು. ಅವಳು ಎರಡು ವೀಳ್ಯದೆಲೆ ತೆಗೆದು ಹತ್ತಿಯ ಮೇಲೆ ಮುಚ್ಚಿದಳು.

“ಬೆಳಕು ಕಣ್ಣಿಗೆ ಹೊಡೀತದೆ,” ಎಂದಳು ಮೆಲ್ಲಗೆ. “ಸ್ವಲ್ಪ ಆಚೆ ತಿರುಗಿ ಕೂತ್ಕೊಳ್ಳಿ.”

ಚಿನ್ನಯ್ಯ ತಿರುಗಿ ಕುಳಿತ. ಒಳಗೆ ಬಂದ ಕಮಲಾಕ್ಷರಿಗೆ ಅವನ ಎಡಕೆನ್ನೆ ಮಾತ್ರ ಕಂಡಿತು. ಎಲೆ ಬಾಡಿದೆ ಎಂದು ಪ್ರಫುಲ್ಲಾ ಆ ಹರಿವಾಣವನ್ನು ಒಳಗೆ ಒಯ್ದಳು, ಅವರು ಸಂತೋಷದಿಂದ ಬೇರೆ ಹರಿವಾಣ ತರಿಸಿ ವೀಳ್ಯ ಬದಲಾಯಿಸಿದರು.

ಆಟಿ ಬಂತು. ಬಾವು ಪೂರ್ತಿ ಇಳಿಯಿತು. ತಿಂಗಳ ಮೇಲೆ ಮಂಗಳೂರಿಗೆ ಹೋಗಿ ತಂತಿ ತೆಗೆಸಿದ್ದಾಯಿತು. ಎಲುಬು ಚೆನ್ನಾಗಿ ಕೂಡಿದೆ, ಬಾಯಿ ಈಗ ಒಂದು ಬೆರಳಿನಷ್ಟು ತೆರೆಯುತ್ತದೆ, ದಿನಾ ಅಭ್ಯಾಸ ಮಾಡಿದರೆ ಮೊದಲಿನಂತೆ ಆಗುತ್ತದೆ ಎಂದು ಡಾಕ್ಟರು ಬೆನ್ನು ತಟ್ಟಿದರು. ಎಲ್ಲರೂ ಖುಷಿಪಡಬೇಕಾದ ವಿಷಯವೇ. ಆದರೆ ಅಷ್ಟು ದಿನ ಗಂಜಿತಿಳಿ ಕುಡಿದು ಚಿನ್ನಯ್ಯ ಮೊದಲಿಗಿಂತಲೂ ಅರ್ಧ ಆಗಿದ್ದ. ಮೊದಲು ಗುಂಡಿಗಳಿದ್ದಲ್ಲಿ ಈಗ ಬಾವಿಗಳಿದ್ದವು. ಅವನು ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟ.

ಅವನನ್ನು ಕೊರೆಯುತ್ತಿದ್ದದ್ದು ಮುಖ ಮಾತ್ರವಲ್ಲ. ವೀಳ್ಯದೆಲೆ ಮುಚ್ಚಿದ ಆ ಕೈ ಕಣ್ಣ ಮುಂದೆ ಬರುತ್ತಿತ್ತು. ಅವಳು ಏನು ತಿಳಿದಳೋ, ಎಷ್ಟು ತಿಳಿದಳೋ. ಅಷ್ಟು ಚೆನ್ನಾಗಿ ಕಥೆ ಹೇಳಿದವಳಿಗೆ ತಾನು ಕೊಟ್ಟದ್ದು ಹತ್ತಿಯ ಉಂಡೆ. ಸೋಣ ಕಳೆಯುವಾಗ ಅವನಿಗೆ ತಡೆಯಲಾಗಲಿಲ್ಲ, ಹೋಗಿ ನಿಜ ಹೇಳಿ ಬರುತ್ತೇನೆ ಎಂದ. ಮುಂಡಪ್ಪನವರು ಹೌಹಾರಿದರು. ತಾನು ಎಲ್ಲ ಯೋಚಿಸಿ ಇಟ್ಟಿದ್ದೇನೆ, ಮದುವೆಯ ಹಿಂದಿನ ದಿನ ಕೆನ್ನೆಗಳಿಗೆ ಜೇನುಹುಳದಿಂದ ಕಚ್ಚಿಸಿದರೆ ಮುಖ ಮೊದಲಿನಂತೆ ತುಂಬಿಕೊಳ್ಳುತ್ತದೆ, ಜೇನು ಸಾಕುವವರ ಹತ್ತಿರ ಮಾತಾಡಿ ಬಂದದ್ದೂ ಆಗಿದೆ ಎಂದರು. ಚಿನ್ನಯ್ಯ ಆ ಕ್ಷಣವೇ ಚಪ್ಪಲಿ ಮೆಟ್ಟಿ ಮಮ್ಮುವಿನ ಬಸ್ಸು ಹತ್ತಿದ.

ಮೂಡುಬಿದಿರೆಯಲ್ಲಿ ಕಮಲಾಕ್ಷರು ಜಗಲಿಯಲ್ಲೇ ಇದ್ದರು. ಅಂಗಳಕ್ಕೆ ಬಂದ ಬಡಕಲು ಮನುಷ್ಯನನ್ನು ಯಾರೆಂದು ಕೇಳಿದರು. ಗುರುತು ಹತ್ತಲಿಲ್ಲ ಎಂದು ಚಿನ್ನಯ್ಯನಿಗೆ ತಿಳಿಯಿತು. ಬಿ.ಸಿ.ರೋಡಿನಿಂದ ಬಂದದ್ದು ಎಂದಷ್ಟೇ ಹೇಳಿದ. ಅವರ ಮುಖ ಅರಳಿತು. ಅದು ತಮ್ಮ ಅಳಿಯನಾಗುವವನ ಊರು, ಚಿನ್ನಯ್ಯನ ಪರಿಚಯ ಉಂಟೋ ಎಂದು ಕೇಳಿ, ಕೂರಿಸಿ, ಬೆಲ್ಲ ನೀರು ತರಿಸಿದರು. ಅಂಥ ಹುಡುಗ ಈ ಕಾಲದಲ್ಲಿ ಇಲ್ಲ, ಎಂಥ ಮೌನ, ಎಂಥ ತೇಜಸ್ಸು, ಮುಖ ನೋಡಿದರೆ ಹಸಿವು ಇಂಗುತ್ತದೆ ಎಂದು ಅವರೇ ಹೊಗಳತೊಡಗಿದರು.

ಚಿನ್ನಯ್ಯ ನೀರಿನ ಲೋಟ ಕೆಳಗಿಟ್ಟ. ಆ ಹುಡುಗ ಅಷ್ಟೇನೂ ಮೌನಿಯಲ್ಲ ಎಂದ. ಕಮಲಾಕ್ಷರ ಹುಬ್ಬು ಗಂಟಾಯಿತು. ಮುಖವೂ ಅಷ್ಟೇನೂ ತುಂಬಿಲ್ಲ ಎಂದ. ಅವರ ಕಿವಿ ಕೆಂಪಾಯಿತು. ವ್ರತವೂ ಇಲ್ಲ ಏನೂ ಇಲ್ಲ, ಗೊತ್ತಿಲ್ಲದ ಹ್ಯಾಂಡಲಿಗೆ ಜಂಬದಿಂದ ಕೈ ಹಾಕಿ ದವಡೆ ಮುರಿದುಕೊಂಡವನು ಅವನು, ನೀವು ನೋಡಿದ್ದು ಆಪರೇಶನ್ನಿನ ಬಾವು ಎಂದ. ಕಮಲಾಕ್ಷರು ಎದ್ದು ನಿಂತರು.

“ನನ್ನ ಅಳಿಯನ ಮೇಲೆ ನಿನಗೆ ಎಂತ ಹೊಟ್ಟೆಕಿಚ್ಚು?” ಎಂದರು. “ಬಾಯಿ ಇಲ್ಲದ ಮನುಷ್ಯನ ಬೆನ್ನ ಹಿಂದೆ ಯಾರು ಬೇಕಾದರೂ ಮಾತಾಡಬಹುದು. ಧೈರ್ಯ ಉಂಟಾದರೆ ಇದನ್ನೇ ಚಿನ್ನಯ್ಯನ ಎದುರು ಹೇಳು.”

ತನ್ನ ಪರವಾಗಿ ಇಷ್ಟು ಜೋರಾಗಿ ಯಾರೂ ಮಾತಾಡಿದ್ದನ್ನು ಚಿನ್ನಯ್ಯ ಕೇಳಿರಲಿಲ್ಲ. ಅವನೂ ಎದ್ದು ನಿಂತ.

“ನಾನೇ ಚಿನ್ನಯ್ಯ,” ಎಂದ.

ಕಮಲಾಕ್ಷರು ಕನ್ನಡಕ ಒರೆಸಿ ಹಾಕಿಕೊಂಡು ಹತ್ತಿರ ಬಂದರು. ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು.

“ಹಾಗಾದರೆ ನಾನು ನೋಡಿದವನು ಎಲ್ಲಿ?”

“ಅವನು ಇಳಿದು ಹೋದ, ಮಾವ.”

ಆ ಹೊತ್ತಿಗೆ ಪ್ರಫುಲ್ಲಾ ಶಾಲೆಯಿಂದ ಬಂದಳು. ಚಿನ್ನಯ್ಯನನ್ನು ಕಂಡು ಕೊಡೆಯನ್ನು ಗೋಡೆಗೆ ಒರಗಿಸಿ, ತಂತಿ ತೆಗೆದರೋ, ಬಾಯಿ ಎಷ್ಟು ತೆರೆಯುತ್ತದೆ ಎಂದು ಕೇಳಿದಳು. ಕಮಲಾಕ್ಷರು ಬೆಪ್ಪಾಗಿ ಮಗಳನ್ನು ನೋಡಿದರು. ಇವನ ಗುರುತು ನಿನಗೆ ಹೇಗೆ ಎಂದರು. ಹ್ಯಾಂಡಲ್ ಒದ್ದ ಮರುದಿನವೇ ಮಮ್ಮು ಡ್ರೈವರು ಬಿ.ಸಿ.ರೋಡಿನಿಂದ ಮೂಡುಬಿದಿರೆಯವರೆಗೆ ಪ್ರತಿ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ ಆ ಕಥೆ ಹೇಳಿದ್ದಾನೆ, ಈ ದಾರಿಯಲ್ಲಿ ಅದು ತಿಳಿಯದೆ ಇರುವವರು ಬಸ್ಸಿನಲ್ಲಿ ಯಾರ ಮಾತಿಗೂ ಕಿವಿ ಕೊಡದ ಅಪ್ಪ ಒಬ್ಬರೇ ಎಂದು ಅವಳು ಹೇಳಿದಳು.

“ಎಲ್ಲ ಗೊತ್ತಿದ್ದೂ ನನಗೆ ಒಂದು ಮಾತು ಹೇಳಲಿಲ್ಲವಾ?” ಕಮಲಾಕ್ಷರ ಸ್ವರದಲ್ಲಿ ನೋವಿತ್ತು. “ನನಗೆ ಸುಳ್ಳು ಹೇಳಿದ ಮನೆ ಇದು. ನಿನಗೆ ಇವನೇ ಯಾಕೆ ಬೇಕು?”

ಪ್ರಫುಲ್ಲಾ ಅಪ್ಪನ ಎದುರಿಗೆ ಬಂದು ನಿಂತಳು.

“ಮೊದಲು ಬಂದವರೆಲ್ಲ ತಮ್ಮ ವಿಷಯ ಹೇಳಿ ಹೋದರು, ಅಪ್ಪ. ನಾನು ಹೇಳಿದ್ದನ್ನು ಕೊನೆಯವರೆಗೆ ಕೇಳಿ ನಕ್ಕದ್ದು ಇವರು ಒಬ್ಬರೇ. ಅದೂ ಹಲ್ಲಿಗೆ ತಂತಿ ಕಟ್ಟಿಕೊಂಡು, ಮೂಗಿನಲ್ಲಿ ಪಾನಕ ಬರುವ ಹಾಗೆ.”

ತಂತಿ ಈಗ ಇಲ್ಲವಲ್ಲ, ಇನ್ನು ಇವನು ಕೇಳುತ್ತಾನೆಂದು ಏನು ಭರವಸೆ ಎಂದು ಕಮಲಾಕ್ಷರು ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿ ಹೇಳಲು ಚಿನ್ನಯ್ಯನ ಹತ್ತಿರ ಬಹಳ ಇತ್ತು. ಇಡೀ ಮಳೆಗಾಲದ ಮಾತು ಒಳಗೆ ತುಂಬಿತ್ತು. ಅವನು ಬಾಯಿ ತೆರೆದ, ಎರಡು ಬೆರಳಿನಷ್ಟು. ಆಮೇಲೆ ಪ್ರಫುಲ್ಲಾಳ ಕಡೆ ನೋಡಿದ. ಅವಳು ಇನ್ನೂ ಏನೋ ಹೇಳುವವಳಿದ್ದಾಳೆ ಎಂದು ತೋರಿತು. ಬಾಯಿ ಮುಚ್ಚಿದ.

ಕಮಲಾಕ್ಷರು ಅದನ್ನು ನೋಡಿದರು. ಒಳಗೆ ತಿರುಗಿ, ಇವರಿಗೂ ಎಲೆ ಹಾಕಿ, ಅನ್ನ ಸ್ವಲ್ಪ ಮೆತ್ತಗೆ ಇರಲಿ ಎಂದರು.

ಮದುವೆ ಮೂಡುಬಿದಿರೆಯಲ್ಲಿ ಗದ್ದಲದಿಂದ ನಡೆಯಿತು. ಮುಂಡಪ್ಪನವರಿಗೆ ಜೇನಿನವರ ಹತ್ತಿರ ಹೋಗಬೇಡಿ ಎಂದು ಎರಡು ಸಲ ಹೇಳಿ ಕಳಿಸಬೇಕಾಯಿತು. ಆದರೆ ಒಂದು ತೊಡಕು ಉಳಿದಿತ್ತು. ಹುಣ್ಣಿಮೆ ಮುಖದ ವ್ರತಸ್ಥ ಅಳಿಯನ ವರ್ಣನೆಯನ್ನು ಕಮಲಾಕ್ಷರೇ ಊರಿಡೀ ಹೇಳಿ ಮುಗಿಸಿದ್ದರು. ಚಪ್ಪರದಲ್ಲಿ ದೂರದ ನೆಂಟರಿಷ್ಟರು, ಹಳೆಯ ಕಚೇರಿಯ ಅಧಿಕಾರಿಗಳು ಮದುಮಗನನ್ನು ನೋಡಿ, ಒಬ್ಬರ ಕಿವಿಗೆ ಒಬ್ಬರು ಬಾಗತೊಡಗಿದರು. ಕೊನೆಗೆ ಒಬ್ಬರು ಬಂದು, ಹುಡುಗ ನೀವು ಹೇಳಿದ ಹಾಗೆ ಇಲ್ಲವಲ್ಲ ಎಂದು ಕೇಳಿಯೇಬಿಟ್ಟರು.

ಮೂವತ್ತು ವರ್ಷದ ನೌಕರಿಯಲ್ಲಿ ಒಂದು ಸುಳ್ಳು ಬರೆದವರಲ್ಲ ಎಂದು ಹೆಸರಾದ ಕಮಲಾಕ್ಷರು ಪೇಟ ಸರಿಮಾಡಿಕೊಂಡರು.

“ವ್ರತ ಬಹಳ ಕಠಿಣ ಇತ್ತು,” ಎಂದರು. “ತುಂಬ ಇಳಿದಿದ್ದಾನೆ.”

ಕೇಳಿದವರು ಭಕ್ತಿಯಿಂದ ಕೈ ಮುಗಿದರು. ಅವರ ಹಿಂದೆ ನಿಂತವರೂ ಮುಗಿದರು. ಮಂಟಪದಲ್ಲಿದ್ದ ಚಿನ್ನಯ್ಯ, ಈಗ ಮೂರು ಬೆರಳಿನಷ್ಟು ತೆರೆಯುತ್ತಿದ್ದ ಬಾಯಿಯನ್ನು ತೆರೆದು ಹ್ಯಾಂಡಲಿನ ನಿಜಸಂಗತಿಯನ್ನು ಮೊದಲಿನಿಂದ ಹೇಳಲು ಹೊರಟ. ಪ್ರಫುಲ್ಲಾ ತಲೆ ತಗ್ಗಿಸಿಕೊಂಡೇ ಸೀರೆಯ ಅಂಚಿನಡಿಯಿಂದ ಅವನ ಕಾಲನ್ನು ಬಲವಾಗಿ ತುಳಿದಳು.